ಹಿರಿಯರ ವ್ಯಾಯಾಮಕ್ಕೆ ಕೈಫೋನು

ಅಕ್ಕಿಹೆಬ್ಬಾಳಿನ ನಮ್ಮ ಮನೆಯ ಜಗಲಿ ನೆಲದಿಂದ 17 ಅಂಗುಲ ಎತ್ತರವಿದೆ. ಹುಟ್ಟಿದಂದಿನಿಂದ ಆ ಜಗಲಿಯ ಮೇಲೆ ಕುಳಿತೆದ್ದವನಾದರೂ ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಅದನ್ನು ಅಳೆಯುವ ಪ್ರಸಂಗ ಬಂದದ್ದು ಕಳೆದ ವರ್ಷ, 76 ವರ್ಷದ ನಮ್ಮ ತಾಯಿ ಬಚ್ಚಲಿನ ಹೊಸ್ತಿಲಲ್ಲಿ ಕಾಲು ಜಾರಿ ಬಿದ್ದ ಮೇಲೆ. ಎಡಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪಟ್ಟಿ ಕಟ್ಟಿದ ಡಾಕ್ಟರು ಕೈಯ ವಿಷಯ ಹೆಚ್ಚು ಮಾತಾಡಲಿಲ್ಲ. “ಕೈ ಕೂಡಿಕೊಳ್ಳುತ್ತದೆ ಮೇಷ್ಟ್ರೇ. ಕಾಲಿನಲ್ಲಿ ಬಲವಿಲ್ಲ. ಹೀಗೇ ಬಿಟ್ಟರೆ ಮತ್ತೆ ಬೀಳುತ್ತಾರೆ, ಆಗ ಸೊಂಟದ ಮೂಳೆಯೇ ಹೋಗುತ್ತದೆ. ದಿನವೂ ವ್ಯಾಯಾಮ ಮಾಡಿಸಿ. ಈಗ ಎಲ್ಲ ಫೋನಿನಲ್ಲೇ ಬರುತ್ತದಲ್ಲ” ಎಂದರು.

ಫೋನಿನಲ್ಲೇ ಬರುತ್ತದೆ ಎಂಬುದೇನೋ ನಿಜ. ಆದರೆ ಬಂದದ್ದನ್ನು ಮುದುಕರು ಬರಮಾಡಿಕೊಳ್ಳುತ್ತಾರೆಯೆ? ಈ ಪ್ರಶ್ನೆ ನನ್ನೊಬ್ಬನದಲ್ಲ. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು ಸುಮಾರು 10 ಕೋಟಿ 40 ಲಕ್ಷ ಮಂದಿ ಇದ್ದರು. ಆಮೇಲೆ ಸಂಖ್ಯೆ ಬೆಳೆದಿದೆಯೇ ಹೊರತು ಇಳಿದಿಲ್ಲ. ಲೋಕದಲ್ಲಿ ಅಪಘಾತದ ಗಾಯಗಳಿಂದ ಸಾಯುವವರ ಲೆಕ್ಕ ತೆಗೆದರೆ ರಸ್ತೆಯ ಅಪಘಾತಗಳ ನಂತರದ ಸ್ಥಾನ ಬೀಳುವುದಕ್ಕೇ ಸಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಲೇಖನವನ್ನು ಓದುತ್ತಿರುವ ನಿಮ್ಮ ಮನೆಯಲ್ಲಿಯೂ ಗೋಡೆ ಹಿಡಿದು ನಡೆಯುವ ಜೀವ ಒಂದಿರಬಹುದು.

ನಮ್ಮ ತಾಯಿಯ ಫೋನಿಗೆ ವ್ಯಾಯಾಮದ ತಂತ್ರಾಂಶವನ್ನು, ಜನರ ಮಾತಿನಲ್ಲಿ ಹೇಳುವುದಾದರೆ ಆಪನ್ನು, ಹಾಕಿಕೊಟ್ಟವಳು ನನ್ನ ಮಗಳು. ಅಜ್ಜಿ ಅದನ್ನು ನೋಡಿ ಮುಖ ತಿರುಗಿಸಿದರು. “ಈ ವಯಸ್ನಲ್ಲಿ ನಂಗ್ಯಾಕ್ಲಾ ಮಗಾ ಕಸರತ್ತು? ಭತ್ತ ಕುಟ್ಟಿ, ರಾಗಿ ಬೀಸಿ, ಹೊಳೆಯಿಂದ ನೀರು ಹೊತ್ತು ಮಾಡಿದ್ದು ಸಾಲ್ದಾ?” ಎಂದು ನನ್ನನ್ನೇ ಕೇಳಿದರು.

ನಾನು ಉತ್ತರ ಕೊಡಲಾರದೆ ಹೋದೆ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಮಾವತಿಯ ದಡದ ಈ ಊರಿನಲ್ಲಿ ಅವರ ತಲೆಮಾರಿನ ಹೆಂಗಸರು ಒನಕೆ ಎತ್ತಿದ್ದಾರೆ, ನಾಟಿ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಿಂತಿದ್ದಾರೆ, ಕೊಡ ಹೊತ್ತು ದಿಣ್ಣೆ ಹತ್ತಿದ್ದಾರೆ. ಆ ಕೆಲಸಗಳು ಒಂದೊಂದಾಗಿ ಮನೆ ಬಿಟ್ಟು ಹೋದವು. ಒನಕೆಯ ಕೆಲಸ ಗಿರಣಿಗೆ ಹೋಯಿತು, ಒರಳಿನ ಕೆಲಸ ಮಿಕ್ಸಿಗೆ ಹೋಯಿತು, ನೀರು ನಲ್ಲಿಯಲ್ಲಿ ಬಂತು. ಒಳ್ಳೆಯದೇ ಆಯಿತು, ಆ ದುಡಿಮೆಯನ್ನು ಹೊಗಳಿ ಹಾಡುವವರು ಒಂದು ಸೇರು ಭತ್ತ ಕುಟ್ಟಿ ನೋಡಲಿ. ಆದರೆ ಕೆಲಸ ಹೋದಾಗ ಅದರ ಬೆನ್ನಿಗೇ ಕಾಲಿನ ಬಲವೂ ಹೋಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಮೈಯೆಂಬುದು ಬ್ಯಾಂಕಿನ ಠೇವಣಿಯಲ್ಲ. ಯೌವನದಲ್ಲಿ ಕಟ್ಟಿದ್ದನ್ನು ಮುಪ್ಪಿನಲ್ಲಿ ಬಡ್ಡಿ ಸಮೇತ ಕೊಡುವುದಿಲ್ಲ. ಬಳಸದ ಮಾಂಸಖಂಡ ಕರಗುತ್ತದೆ.

ಇನ್ನೊಂದು ಕಾರಣವೂ ಇತ್ತು, ಅವರು ಬಾಯಿಬಿಟ್ಟು ಹೇಳದ ಕಾರಣ. ಕಸರತ್ತು ಎಂಬುದು ನಮ್ಮ ಕಡೆ ಗರಡಿಮನೆಯ ಮಾತು. ಮಟ್ಟಿಯ ಮಣ್ಣು, ಲಂಗೋಟಿ, ಸಾಮು, ದಂಡೆ. ಅದು ಹುಡುಗರಿಗೆ, ಗಂಡಸರಿಗೆ. ತಲೆ ನರೆತ ಹೆಂಗಸು ನಡುಮನೆಯಲ್ಲಿ ಕೈಕಾಲು ಆಡಿಸುವುದನ್ನು ಸೊಸೆ ನೋಡಿದರೆ, ನೆರೆಯವರು ನೋಡಿದರೆ? ಆ ನಾಚಿಕೆಯನ್ನು ನಾವು ಸೋಮಾರಿತನವೆಂದು ತಿಳಿದುಬಿಡುತ್ತೇವೆ.

ಮೈಯನ್ನು ಪಳಗಿಸುವ ವಿದ್ಯೆಗೆ ನಮ್ಮ ಸೀಮೆಯಲ್ಲಿ ಗುರುಗಳ ಕೊರತೆ ಇರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸತೊಡಗಿದರು. ಅವರು ನೂರು ವರ್ಷ ಬಾಳಿದರು. ಅವರ ಶಿಷ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ಯರು 2014ರಲ್ಲಿ ತೀರಿಕೊಂಡಾಗ 95 ವರ್ಷ. ಹಗ್ಗ, ಮರದ ಇಟ್ಟಿಗೆ, ಕುರ್ಚಿ ಇವುಗಳನ್ನು ಆಸರೆಯಾಗಿ ಕೊಟ್ಟು ಮುದುಕರೂ ರೋಗಿಗಳೂ ಆಸನ ಹಾಕಬಹುದೆಂದು ಲೋಕಕ್ಕೆ ತೋರಿಸಿದವರು ಅವರು. ಆದರೆ ಇದೆಲ್ಲವೂ ಗುರುವಿನ ಕಣ್ಣೆದುರಿನ ವಿದ್ಯೆ. ಗುರು ಎದುರಿಗಿಲ್ಲದೆ ವ್ಯಾಯಾಮ ಕಲಿಸುವ ಸಾಹಸವನ್ನು ಬೆಂಗಳೂರಿನಲ್ಲಿ ಮಾಡಿದವರು ಕೆ. ವಿ. ಅಯ್ಯರ್. ಕನ್ನಡ ಓದುಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ; ಆದರೆ ಅವರ ಕಸುಬು ವ್ಯಾಯಾಮಶಾಲೆ. ದೂರದ ಊರಿನವರಿಗೆ ಅವರು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸುತ್ತಿದ್ದರು. ಅಂಚೆಯಲ್ಲಿ ಬಂದ ಚಿತ್ರವನ್ನು ನೋಡಿ ಮೈ ಬಗ್ಗಿಸುವುದಕ್ಕೂ ಫೋನಿನಲ್ಲಿ ಬಂದ ಚಿತ್ರವನ್ನು ನೋಡಿ ಬಗ್ಗಿಸುವುದಕ್ಕೂ ತತ್ತ್ವದಲ್ಲಿ ಭೇದವೇನು?

ಅಂಚೆಗೂ ಫೋನಿಗೂ ನಡುವೆ ಬಂದದ್ದು ನಮ್ಮ ರೇಡಿಯೋ. 1928ರ ನವೆಂಬರಿನಲ್ಲಿ ಜಪಾನಿನವರು ಬಾನುಲಿಯ ಮೂಲಕ ವ್ಯಾಯಾಮ ಹೇಳಿಕೊಡಲು ಮೊದಲುಮಾಡಿದರು. ಪಿಯಾನೋದ ಗತ್ತಿಗೆ ತಕ್ಕಂತೆ ಕೈ ಎತ್ತು, ಬಾಗು, ತಿರುಗು, ಎಂದು ಮೂರು ನಿಮಿಷದ ಪಾಠ. ಯುದ್ಧ ಮುಗಿದ ಮೇಲೆ ಕೆಲವು ಕಾಲ ನಿಂತಿತ್ತು. 1951ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಇಂದಿಗೂ ಬೆಳಗ್ಗೆ ಆರೂವರೆಗೆ ಅದು ಬಿತ್ತರವಾಗುತ್ತದೆ. ಊರ ತೋಟಗಳಲ್ಲಿ, ದೇವಾಲಯದ ಅಂಗಳಗಳಲ್ಲಿ ಒಂದು ಪುಟ್ಟ ರೇಡಿಯೋ ಇಟ್ಟುಕೊಂಡು ಸಾಲಾಗಿ ನಿಂತಿರುವವರಲ್ಲಿ ಹೆಚ್ಚಿನವರು ಮುದುಕರೇ. ಅವರಿಗೆ ಯಂತ್ರದ ಮೇಲೆ ವಿಶೇಷ ಒಲವೇನೂ ಇರಬೇಕಾಗಿಲ್ಲ. ಮಾತು ತಮ್ಮ ಭಾಷೆಯದು, ಹೊತ್ತು ಗೊತ್ತಾದದ್ದು, ಪಕ್ಕದಲ್ಲಿ ನಿಂತವರು ತಮ್ಮ ಓರಗೆಯವರು. ಇಷ್ಟಿದ್ದರೆ ಸಾಕಾಯಿತು.

ನಮ್ಮಲ್ಲಿಯೂ ಪ್ರಯತ್ನಗಳು ನಡೆದಿವೆ. 2021ರ ಯೋಗದಿನದಂದು ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಆಯುಷ್ ಮಂತ್ರಾಲಯವೂ ಕೂಡಿ ‘ಎಂಯೋಗ’ ಎಂಬ ತಂತ್ರಾಂಶವನ್ನು ಹೊರತಂದವು. ಅದು ಯಾರಿಗಾಗಿ ಎಂದು ನೋಡಿದರೆ, 12ರಿಂದ 65 ವರ್ಷದವರಿಗೆ. ನಮ್ಮ ತಾಯಿ ಹನ್ನೊಂದು ವರ್ಷ ತಡವಾಗಿ ಬಂದರು! ಅದೇ ವರ್ಷದ ಆಗಸ್ಟಿನಲ್ಲಿ ಬಂದ ‘ಫಿಟ್ ಇಂಡಿಯಾ’ ತಂತ್ರಾಂಶ ಇದಕ್ಕಿಂತ ಉದಾರ. 65 ದಾಟಿದವರಿಗೆ ಬೇರೆಯ ಕ್ರಮವೇ ಉಂಟು. ಅದರಲ್ಲಿ ಕುರ್ಚಿಯಿಂದ ಎದ್ದು ಕೂರುವ ಪರೀಕ್ಷೆಯೂ ಸೇರಿದೆ.

ಆ ಪರೀಕ್ಷೆಯನ್ನು ಸ್ವಲ್ಪ ವಿವರಿಸುತ್ತೇನೆ. ಓದಿ ಮುಗಿಸಿದ ಮೇಲೆ ನೀವು ಮನೆಯಲ್ಲಿ ಮಾಡಿ ನೋಡಬಹುದು. ಸುಮಾರು 17 ಅಂಗುಲ ಎತ್ತರದ, ತೋಳಿಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಕು. ಅದರ ಮೇಲೆ ಕುಳಿತು, ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಪೂರ್ತಿ ನೆಟ್ಟಗೆ ಎದ್ದು ಮತ್ತೆ ಕೂರಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಎಂಬುದೇ ಲೆಕ್ಕ. ಕೈ ಊರಿ ಎದ್ದರೆ ಸೊನ್ನೆ. 75ರಿಂದ 79 ವಯಸ್ಸಿನ ಹೆಂಗಸರು 10ಕ್ಕಿಂತ ಕಡಿಮೆ, ಗಂಡಸರು 11ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚೆಂದು ಅಮೆರಿಕದ ಆರೋಗ್ಯ ಇಲಾಖೆಯವರು ಗೊತ್ತುಮಾಡಿದ್ದಾರೆ. ಅಲ್ಲಿಯವರ ಮೈಯಳತೆ ಬೇರೆ, ನಮ್ಮದು ಬೇರೆ. ಆದರೂ ಒಂದು ಅಂದಾಜಿಗೆ ಒದಗುತ್ತದೆ. ಮನೆಯಲ್ಲಿ ಅಂಥ ಕುರ್ಚಿ ಇರಲಿಲ್ಲವಾಗಿ ನಾನು ಟೇಪು ಹಿಡಿದು ಜಗಲಿಯನ್ನು ಅಳೆದೆ. ಕಟ್ಟಿದವರು ಯಾವ ಶಾಸ್ತ್ರ ಓದಿದ್ದರೋ, ಸರಿಯಾಗಿ 17 ಅಂಗುಲ. ಕೈಯ ಪಟ್ಟಿ ಬಿಚ್ಚಿ, ಡಾಕ್ಟರು ಒಪ್ಪಿಗೆ ಕೊಟ್ಟ ಮೇಲೆ, ತಾಯಿ ಎದ್ದದ್ದು ಐದು ಸಲ. ಐದನೆಯದಕ್ಕೆ ನಾನು ತೋಳು ಹಿಡಿಯಬೇಕಾಯಿತು.

ಇನ್ನು ತಂತ್ರಾಂಶದ ಕಥೆ. ಅದರ ಹೆಸರು ಇಲ್ಲಿ ಬೇಡ. ಕನ್ನಡದಲ್ಲಿಯೂ ಮಾತಾಡುತ್ತದೆಂದು ಮಗಳು ಅದನ್ನು ಆರಿಸಿದ್ದಳು. ಮಾತಾಡಿತು, ನಿಜ. ಮೊದಲನೆಯ ದಿನವೇ “ನಿಮ್ಮ ಮುಂಡವನ್ನು ತೊಡಗಿಸಿಕೊಳ್ಳಿ” ಎಂದಿತು. ಮುಂಡ ಎಂಬ ಶಬ್ದಕ್ಕೆ ಕೋಶದಲ್ಲಿ ಅರ್ಥವಿದೆ; ಆದರೆ ಕನ್ನಡದಲ್ಲಿ ರುಂಡ ಹೋದ ಮೇಲೆ ಉಳಿಯುವುದಕ್ಕೆ ಮುಂಡವೆನ್ನುವುದು ರೂಢಿ. ನಾನು ನಕ್ಕೆ. ಮಗಳೂ ನಕ್ಕಳು. ತಾಯಿ ನಗಲಿಲ್ಲ. ಮುಂಡ ಎಂಬುದರ ಪಕ್ಕದಲ್ಲೇ ಇರುವ ಇನ್ನೊಂದು ಬೈಗುಳ ನಿಮಗೂ ಗೊತ್ತು. ಗಂಡನನ್ನು ಕಳೆದುಕೊಂಡ ಹೆಂಗಸಿನ ಕಿವಿಗೆ ಆ ಶಬ್ದ ಬೇರೆಯಾಗಿಯೇ ಕೇಳುತ್ತದೆ. ಅವರು ಫೋನನ್ನು ಬೋರಲಾಗಿ ಇಟ್ಟು ಒಳಗೆ ಹೋದರು. ನಾಲ್ಕು ದಿನ ಮುಟ್ಟಲಿಲ್ಲ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಆಗ ತಲೆ ತಗ್ಗಿತು. ಯಂತ್ರದಿಂದ ಭಾಷಾಂತರ ಮಾಡಿಸಿ, ಅದನ್ನು ಒಬ್ಬ ಅಜ್ಜಿಯ ಮುಂದೆ ಓದಿ ನೋಡದೆ ಲೋಕಕ್ಕೆ ಬಿಟ್ಟವರಿಗೆ, ಅಜ್ಜಿಯರು ಹೊಸದನ್ನು ಒಪ್ಪುವುದಿಲ್ಲವೆಂದು ದೂರುವ ಹಕ್ಕು ಎಲ್ಲಿಯದು?

1989ರಲ್ಲಿ ಅಮೆರಿಕದ ಫ್ರೆಡ್ ಡೇವಿಸ್ ಎಂಬ ವಿದ್ವಾಂಸರು, ಜನ ಹೊಸ ಯಂತ್ರವನ್ನು ಸ್ವೀಕರಿಸುವುದು ಮುಖ್ಯವಾಗಿ ಎರಡು ಎಣಿಕೆಗಳ ಮೇಲೆ ಎಂದು ವಾದಿಸಿದರು. ಇದರಿಂದ ನನಗೆ ಪ್ರಯೋಜನವುಂಟೆ? ಇದನ್ನು ನಡೆಸುವುದು ನನಗೆ ಸುಲಭವೆ? ಕಚೇರಿಗಳ ಕಂಪ್ಯೂಟರನ್ನು ಕುರಿತು ಹೇಳಿದ ಮಾತು ಅದು. ನಮ್ಮ ಜಗಲಿಯ ಮೇಲೂ ಅದು ನಿಲ್ಲುತ್ತದೆ, ಆದರೆ ಎರಡನೆಯ ಎಣಿಕೆಯನ್ನು ನಾವು ತೀರ ಹಗುರವಾಗಿ ಕಾಣುತ್ತೇವೆ. ಫೋನಿನ ಗಾಜು ಬೆರಳಿನ ಚರ್ಮದ ಮೂಲಕ ಹರಿಯುವ ಅತ್ಯಲ್ಪ ವಿದ್ಯುತ್ತಿನಿಂದ ಸ್ಪರ್ಶವನ್ನು ಗುರುತಿಸುತ್ತದೆ. ಗದ್ದೆಯಲ್ಲಿ ದುಡಿದು ಜಡ್ಡುಗಟ್ಟಿದ, ವಯಸ್ಸಿನಿಂದ ಒಣಗಿದ ಬೆರಳನ್ನು ಅದು ಒಮ್ಮೊಮ್ಮೆ ಗುರುತಿಸದು. ಆಗ ಮುದುಕರು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಯಂತ್ರಕ್ಕೆ ಬೇರೊಂದೇ ಅಪ್ಪಣೆ. ಚಿತ್ರ ಮಾಯವಾಗಿ ಇನ್ನೇನೋ ಬಂದು ಕೂರುತ್ತದೆ. “ನನ್ನಿಂದ ಕೆಟ್ಟೋಯ್ತು” ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. ಬೆರಳನ್ನು ಸ್ವಲ್ಪ ಒದ್ದೆಮಾಡಿ ಒರಸಿಕೊಂಡು ಮೆಲ್ಲನೆ ತಟ್ಟಿದರೆ ಆಗುವ ಕೆಲಸಕ್ಕೆ ಅವರು ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ. ಇದರ ಮೇಲೆ, ಫೋನು ಒತ್ತಿದರೆ ಬ್ಯಾಂಕಿನ ಹಣ ಹೋಗುತ್ತದೆಂಬ ಭಯ. ಈ ಭಯವನ್ನು ಮೂಢವೆನ್ನಬೇಡಿ. ದಿನಪತ್ರಿಕೆ ಓದುವವರಿಗೆ ಅದು ವಿವೇಕವೆಂದೇ ತೋರಬೇಕು. ಮತ್ತೆ ಎಷ್ಟೋ ಮನೆಗಳಲ್ಲಿ ಫೋನು ಮಗನದು; ಬೆಳಗಾದರೆ ಅವನ ಜೇಬಿನಲ್ಲಿ ಗದ್ದೆಗೋ ಪೇಟೆಗೋ ಹೊರಟುಹೋಗುತ್ತದೆ. ವ್ಯಾಯಾಮದ ಗುರು ಸಂಜೆ ಮನೆಗೆ ಬರುವ ವೇಳೆಗೆ ಅಜ್ಜಿ ಮಲಗುವ ಹೊತ್ತು.

ನಾವು ಮಾಡಿದ್ದು ಹೆಚ್ಚೇನಲ್ಲ. ಮಗಳ ಹಳೆಯ ಫೋನನ್ನು, ಬ್ಯಾಂಕಿಗೆ ಸಂಬಂಧಿಸಿದ್ದೆಲ್ಲವನ್ನೂ ತೆಗೆದು, ಅಜ್ಜಿಗೇ ಕೊಟ್ಟೆವು. ಜಗಲಿಯ ಗೋಡೆಯಲ್ಲಿ ಹಿಂದೆ ದೀಪವಿಡುತ್ತಿದ್ದ ಗೂಡಿನಲ್ಲಿ ಅದಕ್ಕೆ ಜಾಗ ಮಾಡಿದೆವು. ಬೇಸಿಗೆಯ ರಜದಲ್ಲಿ ಮಗಳು ಹತ್ತು ದಿನ ಪಕ್ಕದಲ್ಲಿ ಕುಳಿತಳು, ಫೋನು ಹೇಳಿದ್ದನ್ನು ತಾನೂ ಮಾಡಿದಳು. ಅದು ಆಡಿದ ಹುಚ್ಚು ಕನ್ನಡವನ್ನು ಊರ ಕನ್ನಡಕ್ಕೆ ತಿರುಗಿಸಿ ಹೇಳಿದಳು. ‘ಮುಂಡವನ್ನು ತೊಡಗಿಸಿಕೊಳ್ಳಿ’ ಎಂಬುದಕ್ಕೆ ‘ಹೊಟ್ಟೆ ಬಿಗಿಹಿಡಿ ಅಜ್ಜಿ’ ಎಂದಾಯಿತು. ಎಣಿಕೆಯಲ್ಲಿ ಮತ್ತೊಂದು ತಮಾಷೆ. ಫೋನು ‘ಆರು’ ಎಂದಾಗ ಎದ್ದು ಕೂತ ಅಜ್ಜಿ, ‘ಏಳು’ ಎಂದೊಡನೆ ಇನ್ನೂ ಉಸಿರು ತಿರುಗುವ ಮೊದಲೇ ಎದ್ದುಬಿಟ್ಟರು. ಏಳೆಂದರೆ ಏಳಬೇಕಲ್ಲ! ಅಲ್ಲಿಂದ ಮುಂದೆ ಅವರು ಫೋನಿನ ಎಣಿಕೆಯನ್ನು ಬಿಟ್ಟು ಕಣದಲ್ಲಿ ಭತ್ತ ಅಳೆಯುವವರಂತೆ ತಾವೇ ಎಣಿಸತೊಡಗಿದರು: ಲಾಭ, ಎರಡು, ಮೂರು...

ರಜ ಮುಗಿದು ಮಗಳು ಮೈಸೂರಿಗೆ ಹಿಂದಿರುಗಿದಾಗ ಇದು ನಿಂತುಹೋಗುತ್ತದೆಂದೇ ನಾನು ಎಣಿಸಿದ್ದೆ. ಮುಂದಿನ ಶನಿವಾರ ರೈಲಿಳಿದು ಮನೆಗೆ ಬಂದರೆ ಜಗಲಿಯ ಮೇಲೆ ಇನ್ನಿಬ್ಬರು ಹೆಂಗಸರು, ಅವರೂ ಎಪ್ಪತ್ತರ ಆಚೆಯವರೇ. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು ಸುಮ್ಮನಾದರು. ನಾನು ಒಳಗೆ ಹೋದ ಮೇಲೆ ಮತ್ತೆ ಎಣಿಕೆ ಕೇಳಿಸಿತು. ಮೂವರಾದೊಡನೆ ನಾಚಿಕೆ ಹೋಗಿತ್ತು. ಒಬ್ಬಳು ಮಾಡಿದರೆ ಮರುಳು, ಮೂವರು ಮಾಡಿದರೆ ಅದು ಕೆಲಸ.

ನೆರೆಯವರು ಕೂಡಿದ್ದರಿಂದ ನಮ್ಮಲ್ಲಿ ಇದು ನಡೆಯಿತೆಂದು ನಾನು ಹೇಳಿದರೆ, ಒಂದು ಜಗಲಿಯ ಮಾತನ್ನು ಲೋಕಕ್ಕೆ ಹಚ್ಚುತ್ತಾನೆಂದು ನೀವು ಅನ್ನಬಹುದು. ಆದ್ದರಿಂದ ದೊಡ್ಡ ಪ್ರಯೋಗವೊಂದನ್ನು ಹೇಳುತ್ತೇನೆ. ಆಸ್ಟ್ರೇಲಿಯದ ಸಿಡ್ನಿಯಲ್ಲಿ 70 ದಾಟಿದ 503 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲಿಯೇ ಸಮತೋಲದ ವ್ಯಾಯಾಮ ಕಲಿಸುವ ತಂತ್ರಾಂಶವನ್ನು ಕೊಟ್ಟರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ವರ್ಷದ ಕೊನೆಗೆ ಬೀಳುವುದರಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷವನ್ನೂ ಸೇರಿಸಿ ನೋಡಿದಾಗ ತಂತ್ರಾಂಶ ಬಳಸಿದವರ ಗುಂಪಿನಲ್ಲಿ ಬೀಳುವುದು ಶೇಕಡ 16ರಷ್ಟು ಕಡಿಮೆಯಾಗಿತ್ತು. ಎರಡು ವರ್ಷ ಕಳೆದಾಗಲೂ ಆ ಗುಂಪಿನ ಅರ್ಧದಷ್ಟು ಮಂದಿ ವ್ಯಾಯಾಮ ಬಿಟ್ಟಿರಲಿಲ್ಲ. ಎಪ್ಪತ್ತು ದಾಟಿದವರಲ್ಲಿ ಅರ್ಧ ಮಂದಿ! ಹೊಸ ವರ್ಷದ ದಿನ ವ್ಯಾಯಾಮ ಹಿಡಿದು ಸಂಕ್ರಾಂತಿಗೆ ಬಿಡುವ ನಮ್ಮಂಥ ಐವತ್ತರವರ ಲೆಕ್ಕ ತೆಗೆದರೆ ಇಷ್ಟು ಬಂದೀತೆ? ಮನಸ್ಸಿಲ್ಲವೆಂಬ ದೂರನ್ನು ಈ ಅಂಕಿ ಒಪ್ಪುವುದಿಲ್ಲ. ಆದರೆ ಒಂದು ತಿಂಗಳಿಗೇ ಗುಣ ಕಾಣಲಿಲ್ಲವೆಂದು ಕೈಬಿಡಬಾರದೆಂಬುದನ್ನೂ ಇದು ತಿಳಿಸುತ್ತದೆ.

ಮುದಿ ಮೈಗೆ ಬಲ ಮರಳಿ ಬರುವುದುಂಟೆ ಎಂಬ ಸಂದೇಹಕ್ಕೂ ಉತ್ತರವಿದೆ. 1990ರಲ್ಲಿ ಬಾಸ್ಟನ್ನಿನ ವೈದ್ಯರು ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದ ವರದಿ ಪ್ರಕಟವಾಯಿತು. ಒಂಬತ್ತು ಮಂದಿ ಮುಗಿಸಿದರು. ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಹೆಚ್ಚಿತ್ತು. ತೊಂಬತ್ತರಲ್ಲಿ ಮೈ ಕಲಿಯುತ್ತದೆ. ಬುದ್ಧಿ ಕಲಿಯುವುದಿಲ್ಲವೆ? ನಮ್ಮ ಅಕ್ಕಿಹೆಬ್ಬಾಳಿನಲ್ಲೇ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ‘ದೇವರು’ ಎಂಬ ಪುಸ್ತಕವನ್ನು ಪ್ರಕಟಿಸಿದ್ದು 1991ರಲ್ಲಿ. ನಾಡೆಲ್ಲ ಚರ್ಚಿಸಿದ ಪುಸ್ತಕ ಅದು. ಆಮೇಲೂ ಹನ್ನೆರಡು ವರ್ಷ ಬಾಳಿದರು. ಅವರಿಗೆ ಹೋಲಿಸಿದರೆ ನಮ್ಮ ತಾಯಿ ಇನ್ನೂ ಚಿಕ್ಕವರು.

ಎಚ್ಚರಿಕೆಯ ಒಂದೆರಡು ಮಾತು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ಮೈ ದಣಿಸಬೇಕು, ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ, ಮೂರು ದಿನವಾದರೂ ಸಮತೋಲ ಕಾಯುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಆದರೆ ಶಕ್ತಿಯಿದ್ದಷ್ಟು ಮಾಡುವುದು, ಏನೂ ಮಾಡದಿರುವುದಕ್ಕಿಂತ ಮೇಲೆಂಬುದನ್ನೂ ಅದೇ ಹೇಳಿದೆ. ಎದೆನೋವು, ತಲೆಸುತ್ತು ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಡಾಕ್ಟರನ್ನು ಕೇಳದೆ ಆರಂಭಿಸಬಾರದು. ಫೋನು ಎದುರಿಗಿರುವವರ ಮುಖ ಬೆವರಿದ್ದನ್ನು ನೋಡಿ ‘ಸಾಕು, ಕೂತ್ಕೋ’ ಎನ್ನುವುದಿಲ್ಲ. ಒಂಟಿ ಕಾಲಿನ ಮೇಲೆ ನಿಲ್ಲುವ ಪಾಠವನ್ನು ಹಿಡಿದುಕೊಳ್ಳಲು ಕಂಬವೋ ಕಿಟಕಿಯೋ ಇಲ್ಲದ ಕಡೆ ಮಾಡಿಸಬೇಡಿ. ಒದ್ದೆ ನೆಲ ಬೇಡ, ಕಾಲಿಗೆ ತೊಡರುವ ಸೀರೆಯ ನಿರಿಗೆ ಬೇಡ.

ಇನ್ನು ಡೇವಿಸರ ಮೊದಲನೆಯ ಪ್ರಶ್ನೆ ಉಳಿಯಿತು: ಇದರಿಂದ ನನಗೇನು ಪ್ರಯೋಜನ? ಬೀಳದೆ ಇರಬಹುದು ಎಂಬ ಉತ್ತರ ನನ್ನದು, ಡಾಕ್ಟರದು, ಮಗಳದು. ನಮ್ಮ ತಾಯಿಯ ಉತ್ತರ ಬೇರೆ ಇತ್ತು. ಅದು ತಿಳಿಯುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಆ ಹೊತ್ತಿಗೆ 30 ಸೆಕೆಂಡಿಗೆ ಒಂಬತ್ತು ಸಲ ಏಳುತ್ತಿದ್ದರು. ಹತ್ತನೆಯದು ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಹತ್ತೆಂದೇ ಬರೆದುಕೊಳ್ಳೋಣವೆಂದರೆ, “ತಲೆ ಹೊಡ್ದ ಅಳತೆ ಲೆಕ್ಕಕ್ಕಿಲ್ಲ ಮಗಾ” ಎಂದು ಒಪ್ಪಲಿಲ್ಲ. ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಿದ್ದು, “ಇದ್ರಲ್ಲಿ ದಿಣ್ಣೆ ಇಳಿಯೋದು ಹೇಳ್ಕೊಡ್ತದಾ?” ಎಂದು ಕೇಳಿದರು. ಬಿದ್ದಂದಿನಿಂದ ಅವರು ಹೊಳೆಗೆ ಇಳಿದಿರಲಿಲ್ಲ. ಬಾಗಿಲಲ್ಲಿ ಕೂತರೆ ಹೇಮಾವತಿಯ ಗಾಳಿ ಬರುತ್ತದೆ, ನೀರು ಕಾಣುವುದಿಲ್ಲ.

ಹುಡುಕಿದೆವು. ಇಳಿಜಾರು ಇಳಿಯುವ ಪಾಠ ಅದರಲ್ಲಿರಲಿಲ್ಲ, ಮೆಟ್ಟಿಲು ಹತ್ತಿಳಿಯುವುದಿತ್ತು. ಈಗ ಜಗಲಿಯ ಮುಂದಿನ ಎರಡು ಮೆಟ್ಟಿಲನ್ನು ಮೂವರೂ ಸಾಲಾಗಿ ಹತ್ತಿ ಇಳಿಯುತ್ತಾರೆ, ಮುಂದಿನವರ ಹೆಗಲ ಮೇಲೆ ಹಿಂದಿನವರ ಕೈ. ಮೊನ್ನೆ ಶನಿವಾರ ನಾನು ಬಂದಾಗ ಜಗಲಿ ಬರಿದಾಗಿತ್ತು, ಫೋನು ಗೂಡಿನಲ್ಲಿ ತಾನೊಂದೇ ಎಣಿಸುತ್ತಿತ್ತು. ತಮ್ಮನ ಹೆಂಡತಿ ಒಳಗಿನಿಂದ, “ಹೊಳೆ ಕಡೆ ಹೋದ್ರು ಭಾವ, ಮೂರೂ ಜನ. ಬ್ಯಾಡ ಅಂದ್ರೆ ಕೇಳ್ಲಿಲ್ಲ” ಎಂದಳು.